ಯಾರದ್ದೂ ಅಲ್ಲದ ಜೇನು

ಹಿಂದೂಪುರ, ಮಡಕಶಿರಾ ಕಡೆಯ ನಮ್ಮ ರೈತರಲ್ಲಿ ಒಂದು ಒಳ್ಳೆಯ ವಾಡಿಕೆ ಇದೆ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದ್ದರೆ, ತಮ್ಮ ಬೆಳೆಗೆ ಔಷಧಿ ಹೊಡೆಯುವ ಮುನ್ನ ಆ ಮನೆಯವರಿಗೆ ಒಂದು ಮಾತು ಹೇಳುತ್ತಾರೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುತ್ತಾರೆ. ಔಷಧಿಯ ಹನಿ ಬಿದ್ದ ಸೊಪ್ಪು ತಿಂದರೆ ರೇಷ್ಮೆಹುಳು ಉಳಿಯುವುದಿಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋಗಬೇಕಾಗಿದ್ದ ಬೆಳೆ ತಟ್ಟೆಯಲ್ಲೇ ಸತ್ತುಬೀಳುತ್ತದೆ. ಈ ವಾಡಿಕೆಯನ್ನು ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಪಾಲಿಸದೆ ಹೋದಾಗ ಜಗಳವಾಗುತ್ತದೆ, ಹಿರಿಯರ ಮುಂದೆ ಪಂಚಾಯಿತಿಯೂ ಆಗುತ್ತದೆ. ಜಗಳವಾಗುತ್ತದೆ ಎಂಬುದೇ ಅಲ್ಲೊಂದು ಧರ್ಮ ಇದೆ ಎನ್ನುವುದಕ್ಕೆ ಸಾಕ್ಷಿ.

ಅದೇ ಗಾಳಿಯಲ್ಲಿ, ಅದೇ ಹನಿ ಹೂವಿನ ಮೇಲೆ ಕುಳಿತ ಜೇನುನೊಣದ ಮೇಲೂ ಬೀಳುತ್ತದೆ. ಅದಕ್ಕಾಗಿ ಯಾರೂ ಜಗಳಕ್ಕೆ ಬರುವುದಿಲ್ಲ. ರೇಷ್ಮೆಹುಳುವಿಗೆ ಒಡೆಯನಿದ್ದಾನೆ, ಅವನಿಗೆ ಬ್ಯಾಂಕಿನ ಸಾಲವಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಬಂಡೆಯ ಕೆಳಗೆ, ಆಲದ ಕೊಂಬೆಯಲ್ಲಿ ಗೂಡು ಕಟ್ಟಿದ ಹೆಜ್ಜೇನಿಗೆ ಒಡೆಯನಿಲ್ಲ. ಒಡೆಯನಿಲ್ಲದ ಜೀವಕ್ಕೆ ನಾವು ಏನಾದರೂ ಋಣಿಗಳೋ? ಋಣಿಗಳಾದರೆ, ಬರದ ಸೀಮೆಯಲ್ಲಿ ಬೆಳೆ ಉಳಿಸಿಕೊಳ್ಳಲು ಒದ್ದಾಡುವ ರೈತನಿಂದ ಆ ಋಣವನ್ನು ಕೇಳುವುದು ನ್ಯಾಯವೋ? ಈ ಎರಡು ಪ್ರಶ್ನೆಗಳನ್ನು ನಮ್ಮ ಧರ್ಮಕೇಂದ್ರದ ಕುಟುಂಬಗಳ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ನಮ್ಮ ಸೀಮೆಯ ಲೆಕ್ಕ ನೋಡೋಣ. ಹೆಜ್ಜೇನು, ತುಡುವೆ, ಕೋಲುಜೇನು, ಗೋಡೆಯ ಸಂದಿಯಲ್ಲಿ ಮೇಣದ ಕೊಳವೆ ಕಟ್ಟುವ ಸಣ್ಣ ನಸರುಜೇನು, ಇವು ನಮ್ಮಲ್ಲಿ ಕಾಣಸಿಗುವ ಜೇನುಗಳು. ಬೇಸಿಗೆಯಲ್ಲಿ ಹೊಂಗೆ, ಬೇವು, ಆಮೇಲೆ ಹುಣಸೆ ಇವುಗಳಿಗೆ ಊಟ ಕೊಡುತ್ತವೆ. ಕಲ್ಯಾಣದುರ್ಗದ ಕಡೆ ಬೆಳೆಯುವ ಕಲ್ಲಂಗಡಿ, ಕರ್ಬೂಜಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆ. ಹೆಣ್ಣು ಹೂವು ಬೆಳಿಗ್ಗೆ ಅರಳಿ ಅದೇ ದಿನ ಮುದುಡಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ಜೇನು ಹಲವು ಬಾರಿ ಬಂದು ಪರಾಗ ಮುಟ್ಟಿಸದಿದ್ದರೆ ಕಾಯಿ ಕಟ್ಟುವುದಿಲ್ಲ, ಕಟ್ಟಿದರೂ ಸೊಟ್ಟಗಾಗುತ್ತದೆ. ಸೂರ್ಯಕಾಂತಿಯ ತೆನೆ ತುಂಬುವುದಕ್ಕೂ ಜೇನು ಬೇಕು. ದಾಳಿಂಬೆ, ತೊಗರಿಗೂ ಅದರಿಂದ ನೆರವಿದೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನೂರಕ್ಕೆ 75ರಷ್ಟು ಬೆಳೆಗಳು ಸ್ವಲ್ಪವಾದರೂ ಪರಾಗ ಮುಟ್ಟಿಸುವ ಜೀವಿಗಳನ್ನು ನೆಚ್ಚಿಕೊಂಡಿವೆ ಎಂದು ಹಲವು ದೇಶಗಳ ವಿಜ್ಞಾನಿಗಳು ಕೂಡಿ 2016ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ.

ಆದರೆ ನಮ್ಮ ಸೀಮೆಯ ದೊಡ್ಡ ಬೆಳೆ ಕಡಲೆಕಾಯಿ. ಅದರ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಜೇನಿನ ಹಂಗಿಲ್ಲ. ಕಡಲೆಕಾಯಿ ಬೆಳೆಯುವವನ ಹೊಲದಲ್ಲಿ ಜೇನು ಸತ್ತರೆ ಅವನಿಗೆ ಒಂದು ಕಾಯಿಯೂ ಕಡಿಮೆಯಾಗುವುದಿಲ್ಲ. ನಷ್ಟವಾಗುವುದು ಎರಡು ಮೈಲಿ ಆಚೆಯ ಕಲ್ಲಂಗಡಿಯವನಿಗೆ. ಆ ಕಲ್ಲಂಗಡಿಯವನಿಗೂ ಕಾಯಿ ಏಕೆ ಕಟ್ಟಲಿಲ್ಲ ಎಂಬುದು ತಿಳಿಯದೆ ಬೀಜದ ಕಂಪನಿಯನ್ನೋ ಹವೆಯನ್ನೋ ದೂರುತ್ತಾನೆ. ಆದ್ದರಿಂದ 'ಜೇನು ಉಳಿಸಿದರೆ ನಿಮಗೇ ಲಾಭ' ಎಂಬ ಮಾತು ಎಲ್ಲರಿಗೂ ಒಪ್ಪುವುದಿಲ್ಲ. ಲಾಭವಿಲ್ಲದವನನ್ನೂ ಮುಟ್ಟುವ ಕಾರಣ ಬೇಕಾದರೆ ನಾವು ನ್ಯಾಯದ ಕಡೆಗೇ ತಿರುಗಬೇಕಾಗುತ್ತದೆ.

ಇನ್ನು ವಿಷದ ಮಾತು. ಕನ್ನಡದಲ್ಲಿ ನಾವು ಅದನ್ನು 'ಔಷಧಿ' ಎನ್ನುತ್ತೇವೆ. ತೆಲುಗಿನ ನಮ್ಮ ಸಹೋದರರು 'ಮಂದು' ಎನ್ನುತ್ತಾರೆ. ಜ್ವರ ಬಂದ ಮಗುವಿಗೆ ಕುಡಿಸುವುದಕ್ಕೂ ಬೆನ್ನಿಗೆ ಟ್ಯಾಂಕು ಕಟ್ಟಿ ಹೊಡೆಯುವುದಕ್ಕೂ ಎರಡು ಭಾಷೆಯಲ್ಲೂ ಹೆಸರು ಒಂದೇ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನವೊಂದು ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ. ಹಸಿರು ಎಂದರೆ ಕಡಿಮೆ. ಈ ಬಣ್ಣ ತಿಳಿಸುವುದು ಮನುಷ್ಯನಂಥ, ದನಕರುಗಳಂಥ ಪ್ರಾಣಿಗಳಿಗೆ ಆಗುವ ಅಪಾಯವನ್ನು ಮಾತ್ರ. ಜೇನಿಗೆ ಏನಾಗುತ್ತದೆ ಎಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಯಿಂದ ತಯಾರಾಗುವ ಸ್ಪಿನೋಸಾಡ್ ನಮಗೆ ಹೆಚ್ಚು ಅಪಾಯಕಾರಿಯಲ್ಲ; ಆದರೆ ಎಲೆಯ ಮೇಲೆ ಹಸಿಯಾಗಿರುವಷ್ಟು ಹೊತ್ತು ಅದು ಜೇನಿಗೆ ಮಾರಕ.

ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್ ಮುಂತಾದವು ಇನ್ನೊಂದು ಬಗೆಯವು. ಇವು ಎಲೆಯ ಮೇಲೆ ನಿಲ್ಲದೆ ಗಿಡದ ರಸದೊಳಗೆ ಸೇರಿ ಹೂವಿನ ಮಕರಂದಕ್ಕೂ ಪರಾಗಕ್ಕೂ ಹೋಗುತ್ತವೆ. ಪ್ರಮಾಣ ಅಲ್ಪವಾಗಿದ್ದರೆ ಜೇನು ಅಲ್ಲೇ ಸಾಯುವುದಿಲ್ಲ, ದಾರಿ ಮರೆಯುತ್ತದೆ. ಫ್ರಾನ್ಸಿನ ವಿಜ್ಞಾನಿಗಳು ಜೇನುನೊಣಗಳ ಬೆನ್ನಿಗೆ ಸಣ್ಣ ಗುರುತು ಅಂಟಿಸಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು: ವಿಷದ ಸಣ್ಣ ಪ್ರಮಾಣ ಕುಡಿದ ನೊಣಗಳಲ್ಲಿ ಗೂಡಿಗೆ ಮರಳಿ ಬಾರದವು ಹೆಚ್ಚಾಗಿದ್ದವು. ಜರ್ಮನಿಯಲ್ಲಿ 2008ರಲ್ಲಿ ಮೆಕ್ಕೆಜೋಳ ಬಿತ್ತುವಾಗ ಬೀಜಕ್ಕೆ ಲೇಪಿಸಿದ್ದ ಇದೇ ಬಗೆಯ ವಿಷ ಧೂಳಾಗಿ ಹಾರಿ, ಪಕ್ಕದ ಹೂಗಳ ಮೇಲೆ ಕುಳಿತು, ಸಾವಿರಾರು ಜೇನು ಕುಟುಂಬಗಳು ನಾಶವಾದವು. ಐರೋಪ್ಯ ಒಕ್ಕೂಟ 2013ರಲ್ಲಿ ಇಂಥ ಮೂರು ವಿಷಗಳಿಗೆ ಕಡಿವಾಣ ಹಾಕಿ, 2018ರಲ್ಲಿ ಬಯಲು ಹೊಲಗಳಲ್ಲಿ ಅವುಗಳ ಬಳಕೆಯನ್ನೇ ನಿಲ್ಲಿಸಿತು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಜೇನು ಸಾಯುವುದಕ್ಕೆಲ್ಲ ಔಷಧಿಯೇ ಕಾರಣವಲ್ಲ. 1991-92ರಲ್ಲಿ ಕರ್ನಾಟಕವೂ ಸೇರಿ ದಕ್ಷಿಣ ಭಾರತದಲ್ಲಿ ತುಡುವೆ ಜೇನಿಗೆ 'ಥಾಯ್ ಸ್ಯಾಕ್‌ಬ್ರೂಡ್' ಎಂಬ ವೈರಸ್ ರೋಗ ತಗುಲಿ ಪೆಟ್ಟಿಗೆಗಳೆಲ್ಲ ಬರಿದಾದವು. ನೂರಕ್ಕೆ 90ಕ್ಕೂ ಹೆಚ್ಚು ಕುಟುಂಬಗಳು ಅಳಿದವು. ಅದಕ್ಕೆ ಯಾವ ರೈತನೂ ಹೊಣೆಯಲ್ಲ. ಬ್ರಿಟನ್, ಹಂಗೇರಿ, ಜರ್ಮನಿ ಈ ಮೂರು ದೇಶಗಳಲ್ಲಿ ಒಟ್ಟಿಗೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೊದಲೆರಡು ದೇಶಗಳಲ್ಲಿ ಜೇನಿಗೆ ಹಾನಿ ಕಂಡರೆ, ಜರ್ಮನಿಯಲ್ಲಿ ಅಂಥ ಹಾನಿ ಕಾಣಲಿಲ್ಲ. ಸುತ್ತ ಬೇರೆ ಹೂಗಳು ಎಷ್ಟಿವೆ, ಗೂಡಿನಲ್ಲಿ ರೋಗ ಎಷ್ಟಿದೆ ಎಂಬುದರ ಮೇಲೆ ಫಲ ಬದಲಾಗುತ್ತದೆ ಎಂಬುದು ಅದರಿಂದ ತಿಳಿಯುವ ಪಾಠ. ರೋಗ, ಹೂವಿನ ಬರ, ವಿಷ ಮೂರೂ ಕೂಡಿದಾಗ ಜೇನು ಸೋಲುತ್ತದೆ. ಮೂರರಲ್ಲಿ ನಮ್ಮ ಕೈಯಲ್ಲಿರುವುದು ಯಾವುದು ಎಂದು ಕೇಳಿಕೊಂಡರೆ ಹೂವು ಮತ್ತು ವಿಷ ಎಂಬ ಉತ್ತರ ಬರುತ್ತದೆ.

ಇಲ್ಲಿ ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಕನ್ನಡಿಗರ ಕಥೆಯೊಂದನ್ನು ನೆನೆಯಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಪಡ್ರೆ, ಎಣ್ಮಕಜೆ ಕಡೆ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ಗೇರು, ಕೆಳಗೆ ಕೆರೆ, ಸುರಂಗದ ನೀರು, ಮನೆಗಳು. ಜೇನು, ಕಪ್ಪೆ, ಮೀನು ಕಡಿಮೆಯಾದವೆಂದು ಊರಿನವರು ಹೇಳಿದರು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಬರೆದರು. ಮಕ್ಕಳಲ್ಲಿ ಕಾಣುತ್ತಿದ್ದ ರೋಗಗಳ ಬಗ್ಗೆ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಎಚ್ಚರಿಸಿದರು. ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆಜ್ಞೆಯಾದದ್ದು 2017ರ ಜನವರಿಯಲ್ಲಿ.

ಈ ಕಥೆಯಲ್ಲಿ ಒಂದು ಕಹಿ ಅಂಶವಿದೆ. ಎಂಡೋಸಲ್ಫಾನ್ ಪರ ವಾದಿಸಿದವರು ಅದು ಬೇರೆ ವಿಷಗಳಿಗಿಂತ ಜೇನಿಗೆ ಮೃದು ಎಂದೇ ಹೇಳುತ್ತಿದ್ದರು. ಒಂದು ಜೀವಿಯ ಲೆಕ್ಕದಲ್ಲಿ ಸುರಕ್ಷಿತ ಎನಿಸಿದ್ದು ಇನ್ನೊಂದು ಜೀವಿಗೆ ಸುರಕ್ಷಿತವಾಗಿರಬೇಕಿಲ್ಲ. ಹಸಿರು ತ್ರಿಕೋನ ಜೇನಿನ ಬಗ್ಗೆ ಏನೂ ಹೇಳದಿರುವಂತೆ, 'ಜೇನಿಗೆ ಮೃದು' ಎಂಬ ಮಾತು ಮಗುವಿನ ಬಗ್ಗೆ ಏನೂ ಹೇಳಲಿಲ್ಲ. ಸೃಷ್ಟಿಯಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದೆ ಎಂದು ವಿಶ್ವಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಬರೆದದ್ದು ಈ ಅರ್ಥದಲ್ಲಿ ಬಹಳ ವ್ಯಾವಹಾರಿಕ ಮಾತು. ಕೃಷಿಗೆ ನೆರವಾಗುವ ಹಕ್ಕಿಗಳೂ ಕೀಟಗಳೂ ಕೃಷಿಯ ವಿಷದಿಂದಲೇ ಅಳಿಯುತ್ತಿವೆ, ಆ ಕೊರತೆ ತುಂಬಲು ಇನ್ನೊಂದು ತಂತ್ರ ತರುತ್ತೇವೆ, ಅದರಿಂದಲೂ ಹಾನಿಯಾಗಬಹುದು ಎಂದು ಅದೇ ಪತ್ರದಲ್ಲಿ ಅವರು ಎಚ್ಚರಿಸಿದ್ದಾರೆ.

ಹಾಗಾದರೆ ಔಷಧಿಯನ್ನೇ ಬಿಟ್ಟುಬಿಡಿ ಎಂದು ರೈತನಿಗೆ ಹೇಳಿಬಿಡೋಣವೇ? ಅಷ್ಟು ಸುಲಭವಲ್ಲ. 2000ನೇ ಇಸವಿಯಲ್ಲಿ ಅನಂತಪುರ ಜಿಲ್ಲೆಯ ಕಡಲೆಕಾಯಿಗೆ ಕಾಂಡ ಒಣಗುವ ವೈರಸ್ ರೋಗ ಬಂದು 2 ಲಕ್ಷ ಹೆಕ್ಟೇರಿಗೂ ಹೆಚ್ಚು ಬೆಳೆ ಹಾಳಾಯಿತು. ಪಾರ್ಥೇನಿಯಂ ಕಳೆಯ ಪರಾಗದಲ್ಲಿದ್ದ ವೈರಸ್ಸನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಥ್ರಿಪ್ಸ್ ನುಸಿ ಗಿಡಕ್ಕೆ ಮುಟ್ಟಿಸುತ್ತಿತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಒಂದು ಬೆಳೆ ಹೋದರೆ ಇನ್ನೊಂದಕ್ಕೆ ನೀರಿಲ್ಲ. ಬೀಜ, ಗೊಬ್ಬರ, ಔಷಧಿ ಮೂರನ್ನೂ ಸಾಲಕ್ಕೆ ಕೊಡುವ ಅಂಗಡಿಯವನು ಏನು ಹೊಡೆಯಬೇಕೆಂದು ಹೇಳುತ್ತಾನೋ ಅದನ್ನೇ ಹೊಡೆಯಬೇಕಾದ ರೈತನಿಗೆ ನಾವು ನೀತಿ ಹೇಳುವುದು ಸುಲಭ. ಶ್ರೀಲಂಕಾ 2021ರಲ್ಲಿ ರಸಗೊಬ್ಬರ, ಕೃಷಿ ವಿಷಗಳ ಆಮದನ್ನು ಒಮ್ಮೆಲೇ ನಿಲ್ಲಿಸಿ, ಭತ್ತ ಮತ್ತು ಚಹಾ ಬೆಳೆಗಾರರು ತತ್ತರಿಸಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಬೇಕಾಯಿತು. ಬಡವನ ಹೆಗಲ ಮೇಲೆ ಒಂದೇ ರಾತ್ರಿಯಲ್ಲಿ ಹೊರಿಸಿದ ಧರ್ಮ ನಿಲ್ಲುವುದಿಲ್ಲ.

ಪವಿತ್ರ ಗ್ರಂಥದ ಹಳೆಯ ಕಟ್ಟಳೆಗಳು ಇಲ್ಲಿ ನಮಗೆ ದಾರಿ ತೋರಿಸುತ್ತವೆ. ಅವು ರೈತರಿಗಾಗಿಯೇ ಬರೆದ ಕಟ್ಟಳೆಗಳು. ವಿಮೋಚನಾಕಾಂಡದ 21ನೇ ಅಧ್ಯಾಯದಲ್ಲಿ ಒಬ್ಬನು ಗುಂಡಿ ತೋಡಿ ಮುಚ್ಚದೆ ಬಿಟ್ಟರೆ, ಅದರಲ್ಲಿ ಬಿದ್ದು ಸತ್ತ ಎತ್ತಿನ ಬೆಲೆಯನ್ನು ತೋಡಿದವನೇ ಕೊಡಬೇಕು ಎಂದಿದೆ. ಮುಂದಿನ ಅಧ್ಯಾಯದಲ್ಲಿ, ಮುಳ್ಳಿಗೆ ಹಚ್ಚಿದ ಬೆಂಕಿ ಹಬ್ಬಿ ನೆರೆಯವನ ಪೈರು ಸುಟ್ಟರೆ ಹಚ್ಚಿದವನೇ ತುಂಬಿಕೊಡಬೇಕು ಎಂದಿದೆ. ಗುಂಡಿ ತೋಡಬಾರದು, ಬೆಂಕಿ ಹಚ್ಚಲೇಬಾರದು ಎಂದು ಸರ್ವೇಶ್ವರ ಹೇಳಲಿಲ್ಲ. ನೀನು ಶುರು ಮಾಡಿದ್ದು ನಿನ್ನ ಎಲ್ಲೆ ದಾಟಿದರೆ ಅದರ ಹೊಣೆಯೂ ನಿನ್ನದೇ ಎಂದು ಹೇಳಿದರು. ಗಾಳಿಯಲ್ಲಿ ತೇಲುವ ಔಷಧಿ ಅಂಥ ಬೆಂಕಿಯೇ. ನಮ್ಮ ರೇಷ್ಮೆ ಬೆಳೆಗಾರರ ವಾಡಿಕೆ ಈ ಕಟ್ಟಳೆಯನ್ನು ಓದದೆಯೇ ಪಾಲಿಸುತ್ತದೆ.

ಆದರೆ ಎತ್ತಿಗೂ ಪೈರಿಗೂ ಒಡೆಯನಿದ್ದ. ಒಡೆಯನಿಲ್ಲದ ಜೀವದ ಬಗ್ಗೆ ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಮಾತಾಡುತ್ತದೆ. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು ಎಂಬುದು ಅಲ್ಲಿನ ಆಜ್ಞೆ. ಆ ಹಕ್ಕಿ ಯಾರದ್ದೂ ಅಲ್ಲ. ಅದರ ಪರವಾಗಿ ಪಂಚಾಯಿತಿಗೆ ಬರುವವರಿಲ್ಲ. ಆದ್ದರಿಂದಲೇ ಸರ್ವೇಶ್ವರ ತಾವೇ ಅದರ ಪರ ನಿಂತರು. ಯಾರದ್ದೂ ಅಲ್ಲದ್ದು ಎಂದರೆ ದೇವರದ್ದು ಎಂದರ್ಥ. ನಮಗೆ ಬಳಸಿಕೊಳ್ಳುವ ಅಪ್ಪಣೆ ಇದೆ. ಮತ್ತೆ ಹುಟ್ಟುವ ಬೇರನ್ನೇ ಕೀಳುವ ಅಪ್ಪಣೆ ಇಲ್ಲ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಪ್ರಾಣಿಗಳನ್ನು ನಮ್ಮ ಅಗತ್ಯಕ್ಕೆ ಬಳಸಬಹುದು, ಅನಗತ್ಯವಾಗಿ ನೋಯಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೆ ತಕ್ಕುದಲ್ಲ.

'ಅನಗತ್ಯ' ಎಂಬ ಆ ಒಂದು ಮಾತೇ ನಮಗೆ ಅಳತೆಗೋಲು. ಬೆಳೆ ತಿನ್ನುವ ಹುಳುವನ್ನು ಕೊಲ್ಲುವುದು ರೈತನಿಗೆ ಅಗತ್ಯವಾಗಬಹುದು. ಹೂವು ಅರಳಿ ಜೇನು ತುಂಬಿರುವ ಬೆಳಗಿನ ಒಂಬತ್ತು ಗಂಟೆಗೇ ಹೊಡೆಯುವುದು ಅಗತ್ಯವಲ್ಲ. ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಗಾಳಿ ತಗ್ಗಿದಾಗ ಹೊಡೆಯಬಹುದು. ಒಂದು ಸಾಕಾಗುವಲ್ಲಿ ಮೂರು ಔಷಧಿ ಬೆರೆಸುವುದು ಅಗತ್ಯವಲ್ಲ. ಹುಳು ಕಾಣುವ ಮೊದಲೇ ಪಕ್ಕದವನು ಹೊಡೆದನೆಂದು ತಾನೂ ಹೊಡೆಯುವುದು ಅಗತ್ಯವಲ್ಲ. ಟ್ಯಾಂಕನ್ನು ಕುಂಟೆಯಲ್ಲಿ ತೊಳೆಯುವುದು ಅಗತ್ಯವಲ್ಲ. ದನವೂ ಜೇನೂ ಅಲ್ಲೇ ನೀರು ಕುಡಿಯುತ್ತವೆ. ಇವುಗಳಲ್ಲಿ ಯಾವುದನ್ನು ಬಿಟ್ಟರೂ ರೈತನಿಗೆ ಒಂದು ರೂಪಾಯಿ ನಷ್ಟವಿಲ್ಲ. ಕಡಲೆಕಾಯಿ ಹೊಲದ ಸುತ್ತ ಸಜ್ಜೆಯನ್ನೋ ಜೋಳವನ್ನೋ ಒತ್ತಾಗಿ ಕೆಲವು ಸಾಲು ಬಿತ್ತಿದರೆ ಥ್ರಿಪ್ಸ್ ನುಸಿಗೆ ತಡೆಯಾಗುತ್ತದೆ, ಬದುವಿನ ಪಾರ್ಥೇನಿಯಂ ಕಿತ್ತರೆ ರೋಗದ ಮೂಲ ತಗ್ಗುತ್ತದೆ ಎಂದು 2000ದ ರೋಗದ ನಂತರ ವಿಜ್ಞಾನಿಗಳೇ ಸಲಹೆ ಕೊಟ್ಟರು. ಆಂಧ್ರ ಸರ್ಕಾರ 2016ರಿಂದ ನಡೆಸುತ್ತಿರುವ ನೈಸರ್ಗಿಕ ಕೃಷಿಯ ಕಾರ್ಯಕ್ರಮವೂ, ಚೆನ್ನೇಕೊತ್ತಪಲ್ಲಿ ಬಳಿ 1990ರಿಂದ ಕೆಲಸ ಮಾಡುತ್ತಿರುವ ಟಿಂಬಕ್ಟು ಕಲೆಕ್ಟಿವ್ ಕೂಡ ನಮ್ಮ ಸೀಮೆಯಲ್ಲೇ ಬೇರೆ ದಾರಿ ಇದೆ ಎಂದು ತೋರಿಸಿವೆ.

ಹೊಣೆ ರೈತನೊಬ್ಬನದೇ ಎಂದು ಹೇಳಿ ಮುಗಿಸುವುದೂ ಅನ್ಯಾಯ. ಹೆಜ್ಜೇನು ಮೇವಿಗೆ ಹಲವು ಕಿಲೋಮೀಟರ್ ಹಾರುತ್ತದೆ, ನೂರು ಹೊಲ ದಾಟುತ್ತದೆ; ಯಾರ ಹೊಲದ ಹನಿ ಅದನ್ನು ಕೊಂದಿತೆಂದು ಯಾರೂ ಹೇಳಲಾರರು. ಇಂಥ ತಪ್ಪು ಎಲ್ಲರಲ್ಲೂ ಹಂಚಿಹೋಗುತ್ತದೆ, ಹಂಚಿಹೋದದ್ದರಿಂದಲೇ ಯಾರದ್ದೂ ಅಲ್ಲದಂತಾಗುತ್ತದೆ. ಬಲಿಪೂಜೆಯ ಆರಂಭದಲ್ಲಿ ಮಾಡಿದ ಪಾಪದ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಕ್ಕೂ ನಾವು ಕ್ಷಮೆ ಕೇಳುತ್ತೇವಲ್ಲ, ಆ ಮಾತು ಇಂಥ ಜಾಗಕ್ಕೇ ಹೊಂದುತ್ತದೆ. ಸಂತೆಯಲ್ಲಿ ಚುಕ್ಕೆಯಿಲ್ಲದ ದಾಳಿಂಬೆಯನ್ನೇ ಆರಿಸುವ ನಾವು, ಒಂದು ಚುಕ್ಕೆಗೆ ಬೆಲೆ ಇಳಿಸುವ ದಲ್ಲಾಳಿ, ಡಬ್ಬಿಯ ಹಿಂದಿನ ಸಣ್ಣ ಅಕ್ಷರದ ಎಚ್ಚರಿಕೆಯನ್ನು ಓದಿಹೇಳದ ಅಂಗಡಿಯವನು, ಎಲ್ಲರೂ ಆ ಟ್ಯಾಂಕಿನ ಭಾರದಲ್ಲಿ ಪಾಲುಗಾರರು. ಆ ಟ್ಯಾಂಕನ್ನು ಬೆನ್ನಿಗೆ ಹೊತ್ತು, ಮೂಗಿಗೆ ಬಟ್ಟೆಯೂ ಇಲ್ಲದೆ ಕೂಲಿಗೆ ಹೊಡೆಯುವವನು ನಮ್ಮದೇ ಧರ್ಮಕೇಂದ್ರದ ಯುವಕನಿರಬಹುದು. ಜೇನಿನ ಬಗ್ಗೆ ಎಚ್ಚರವಿಲ್ಲದ ಹೊಲದಲ್ಲಿ ಅವನ ಬಗ್ಗೆಯೂ ಎಚ್ಚರವಿರುವುದಿಲ್ಲ.

ನಮ್ಮ ಆರಾಧನೆಯಲ್ಲಿ ಜೇನಿಗೆ ಒಂದು ಸ್ಥಾನವಿದೆ. ಬಲಿಪೀಠದ ರೊಟ್ಟಿಗೆ ಜೇನಿನ ಸಹಾಯ ಬೇಕಿಲ್ಲ. ಗೋಧಿ ತಾನಾಗಿಯೇ ಕಾಳು ಕಟ್ಟುತ್ತದೆ. ದ್ರಾಕ್ಷಿಗೂ ಬಹುಮಟ್ಟಿಗೆ ಬೇಡ. ಆದರೂ ಪಾಸ್ಕ ಜಾಗರಣೆಯ ರಾತ್ರಿ, ಕತ್ತಲೆಯ ದೇವಾಲಯದಲ್ಲಿ ಪಾಸ್ಕ ಮೇಣದ ಬತ್ತಿಯ ಮುಂದೆ ಹಾಡುವ ಘೋಷಣೆಯಲ್ಲಿ ಧರ್ಮಸಭೆ ಜೇನಿನ ದುಡಿಮೆಯನ್ನು ನೆನೆದು ಆ ಬೆಳಕನ್ನು ದೇವರಿಗೆ ಅರ್ಪಿಸುತ್ತದೆ. ಲ್ಯಾಟಿನ್, ತೆಲುಗು, ಕನ್ನಡ ಯಾವ ಭಾಷೆಯಲ್ಲಿ ಹಾಡಿದರೂ ಆ ನೆನಪು ಒಂದೇ. ಪುನರುತ್ಥಾನದ ರಾತ್ರಿ ಹೆಸರಿಸಿ ಕೊಂಡಾಡಿದ ಜೀವವನ್ನು ಮುಂಗಾರಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ನಮ್ಮ ಹಾಡಿಗೂ ಹೊಲಕ್ಕೂ ಸಂಬಂಧ ಕಡಿದುಹೋಗುತ್ತದೆ.

ಆದ್ದರಿಂದ ಬಿತ್ತನೆಗೆ ಮುನ್ನ ನಮ್ಮ ಕಿರು ಸಮುದಾಯಗಳ ಕೂಟಗಳಲ್ಲಿ ಕನ್ನಡದವರೂ ತೆಲುಗಿನವರೂ ಕೂಡಿ ಕುಳಿತು ಮೂರು ಮಾತು ಆಡಿಕೊಳ್ಳೋಣ. ಹೂವಿನ ಹೊತ್ತಿನಲ್ಲಿ ಹೊಡೆಯುವುದಿಲ್ಲ, ಹೊಡೆಯಲೇಬೇಕಾದರೆ ಸಂಜೆ. ಔಷಧಿ ಕೊಳ್ಳುವಾಗ 'ಇದು ಜೇನಿಗೆ ಏನು ಮಾಡುತ್ತದೆ?' ಎಂದು ಅಂಗಡಿಯಲ್ಲಿ ಕೇಳುತ್ತೇವೆ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಅಂಗಡಿಯವನೇ ಹೇಳುತ್ತಾನೆ. ದೇವಾಲಯದ, ಶಾಲೆಯ, ಸಮಾಧಿ ಭೂಮಿಯ ಅಂಗಳದ ಹೊಂಗೆ, ಬೇವು, ಹುಣಸೆ ಮರಗಳನ್ನು ಕಡಿಯುವುದಿಲ್ಲ, ಖಾಲಿ ಜಾಗದಲ್ಲಿ ಹೊಸದನ್ನು ನೆಡುತ್ತೇವೆ.

ಪಕ್ಕದ ಮನೆಯವನ ರೇಷ್ಮೆಹುಳುವಿಗಾಗಿ ಗಾಳಿಯ ದಿಕ್ಕು ನೋಡಲು ನಮಗೆ ಈಗಾಗಲೇ ಗೊತ್ತಿದೆ. ಕೇಳಲು ಯಾರೂ ಬಾರದ ಜೀವಕ್ಕಾಗಿಯೂ ಹಾಗೆಯೇ ಒಮ್ಮೆ ತಲೆಯೆತ್ತಿ ನೋಡಬೇಕು ಎಂಬುದಷ್ಟೇ ನಮ್ಮ ವಿನಂತಿ. ಆ ಜೀವದ ಪರವಾಗಿ ಕೇಳುವವರು ಒಬ್ಬರಿದ್ದಾರೆ.